ಶ್ವೇತಾಳ ಕೈಯ ಕೂಸು

ಜನವರಿ 6, ಮಂಗಳವಾರ
ಮತ್ತೆ ನಿದ್ದೆಯಿಲ್ಲ. ಅತ್ತೆ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋದರು. ನಾದಿನಿ ಶ್ವೇತಾ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆದಳು, ಲೋಬಾನದ ಹೊಗೆ ಹಿಡಿದಳು, ತೊಟ್ಟಿಲು ತೂಗಿದಳು. ನಾನು ಮಲಗಿದೆ. ಅವಳು ಹತ್ತನೆಯ ತರಗತಿಯ ಹುಡುಗಿ. ನನ್ನ ಬಾಣಂತನಕ್ಕೆಂದು ನವೆಂಬರಿನಿಂದ ಶಾಲೆಗೆ ಹೋಗಿಲ್ಲ... ತವರಿನಲ್ಲಿ ಅವ್ವ ಇಲ್ಲ, ಹಡೆದದ್ದು ಇಲ್ಲೇ.

ಜನವರಿ 9
ರೋಣದಿಂದ ಅವಳ ಟೀಚರ್ ಫೋನ್. ಹಾಜರಾತಿ ಕಡಿಮೆ. ಸೋಮವಾರದಿಂದಲಾದರೂ ಬರದಿದ್ದರೆ ಪರೀಕ್ಷೆಗೆ ಕೂರಿಸುವುದು ಕಷ್ಟ. ಅತ್ತೆಗೆ ಹೇಳಿದೆ.
“ಅಕಿ ಸಾಲಿಗಿ ಹೋದ್ರ ಕೂಸು ಹಿಡಿಯೋರ್ಯಾರು? ನಿನ್ನ ಬಿ.ಎ. ಹಿಡಿತೈತೇನು?”
ಶ್ವೇತಾ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಅವಳು ಹೋದರೆ ನಾನು ಮಲಗುವುದು ಯಾವಾಗ?

ಜನವರಿ 11, ಭಾನುವಾರ
ಗಜೇಂದ್ರಗಡದಿಂದ ಮಾವನವರ ಅಕ್ಕ ಮರಿಯವ್ವ ಬಂದಿದ್ದರು. ಕೂಸು ನೋಡುವ ನೆಪ. ನನ್ನ ತೊಡೆಯ ಮೇಲೆ ಚೀರುತ್ತಿದ್ದದ್ದು ಶ್ವೇತಾ ಎತ್ತಿಕೊಂಡ ಕೂಡಲೇ ಸುಮ್ಮನಾಯಿತು. ಮರಿಯವ್ವ ಅತ್ತೆಯ ಕಡೆ ತಿರುಗಿದರು.
“ನೋಡ ಸಿದ್ದವ್ವಾ, ಹಡದಾಕಿಗಿಂತ ಚಲೋ ಹಿಡಿತಾಳ! ಇನ್ನ ಕಲಿಯೂದೇನೈತಿ? ಯುಗಾದಿ ಆದಮ್ಯಾಲ ನಮ್ಮ ಮನಿಗಿ ಕೊಟ್ಟುಬಿಡು. ನನ್ನ ಮಗಗ. ಸೋದರತ್ತಿ ಹಕ್ಕು ಐತಿ ನಂದು.”
“ಸಾಲಿ ಅಂತೂ ಬಿಟ್ಟಾಳ. ಮನ್ಯಾಗ ಕುಂತು ಏನ್ಮಾಡ್ತಾಳ್ರಿ,” ಅಂದರು ಅತ್ತೆ.
ಶ್ವೇತಾ ಕೂಸಿನ ಬೆನ್ನು ತಟ್ಟುತ್ತಲೇ ಇದ್ದಳು.
ಎದ್ದು ಅವಳ ಕೈಯಿಂದ ಕೂಸನ್ನು ತೆಗೆದುಕೊಂಡೆ. ಚೀರಿತು. ಆ ಚೀರಾಟದಲ್ಲೇ ಅಂದೆ—
“ಅಕಿ ಸಾಲಿ ಬಿಟ್ಟಿಲ್ರಿ ಅತ್ತಿ. ನಾಳೆ ಹೊಕ್ಕಾಳ.”
ಮರಿಯವ್ವ ಚಹಾ ಅರ್ಧಕ್ಕೇ ಇಟ್ಟರು.

ಜನವರಿ 12
ಅತ್ತೆ ಕೂಸಿನತ್ತ ನೋಡದೆ ಹೊಲಕ್ಕೆ. ಶ್ವೇತಾಳಿಗೆ ಯುನಿಫಾರ್ಮ್ ತೋಳಿನಲ್ಲಿ ಬಿಗಿ. ಹೊಸ್ತಿಲಲ್ಲೇ ನಿಂತಳು.
“ವೈನಿ, ಅಳಾಕತ್ತೈತಿ... ಇವತ್ತೊಂದಿನ ಇರ್ಲ್ಯಾ?”
“ಬಸ್ ತಪ್ಪತೈತಿ. ನಡಿ ಲಗೂ.”
ಹೋದಳು.

ಜನವರಿ 27
ಬರೆಯಲು ಕೈಗೆ ಬಿಡುವಿಲ್ಲ. ಅತ್ತೆ ಕೂಸಿಗೆ ಕೈ ಹಚ್ಚುವುದಿಲ್ಲ. ಇವರು ಏನೂ ಅನ್ನುವುದಿಲ್ಲ— ತಮ್ಮ ಅವ್ವನಿಗೂ, ಹೆಂಡತಿಯಾದ ನನಗೂ. ಶ್ವೇತಾ ದಿನಾ ಹೋಗುತ್ತಾಳೆ. ಗಣಿತ ತಲೆಗೆ ಹತ್ತುತ್ತಿಲ್ಲವಂತೆ. ಸಂಜೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೇಳಿಕೊಡಲು ಕೂತರೆ ನನಗೇ ತೂಕಡಿಕೆ.
ಇವತ್ತು ಮುಂಜಾನೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದೆ. ಒಂದು ದಿನ ನಿಲ್ಲು ಎಂಬ ಮಾತು ನಾಲಿಗೆಯವರೆಗೂ ಬಂದಿತ್ತು. ಬಸ್ಸು ಹೋಗುವವರೆಗೂ ತುಟಿ ಬಿಗಿಹಿಡಿದು ಕೂತಿದ್ದೆ.
ನಾಳೆ ಆ ಮಾತು ತಡೆಹಿಡಿಯಲು ಆದೀತೋ ಇಲ್ಲವೋ... ಕೂಸು ಎದ್ದಿತು, ಈಗ—