ಹಿತುಕದೆ ಬಿಟ್ಟ ಅವರೆಕಾಳು

ಜನವರಿ ೨೦, ಮಂಗಳವಾರ

ಅವರೆಕಾಳಿನ ಹುಳಿ ವಾಸನೆ ಇನ್ನೂ ಮೂಗಿನಲ್ಲೇ ಇದೆ.

ಸೊಸೆ ಮಂಜುಶ್ರೀ ಪಾವಗಡದ ಸ್ಕೂಲಿನಲ್ಲಿ ಟೀಚರ್. ನಾಳೆಯ ಅಡುಗೆಗೆ ಇವತ್ತೇ ನೆನೆಹಾಕಿ, ಮಗುವಿನ ಯೂನಿಫಾರಂ ತಲೆದಿಂಬಿನ ಹತ್ತಿರ ಇಟ್ಟೇ ಮಲಗುವವಳು. ಬೆಳಿಗ್ಗೆ ಜಡೆ ಹೆಣೆದುಕೊಳ್ಳುತ್ತಲೇ ಅಂದಳು: "ಅತ್ತೆ, ಕಾಳು ನೆಂದವೆ. ಮಧ್ಯಾಹ್ನ ವಸಿ ಹಿತುಕಿ ಸಿಪ್ಪೆ ತೆಗೆದಿಡಿ, ಬಂದೇಟಿಗೆ ಸಾರು ಮಾಡ್ತೀನಿ."

"ಇದೇನು ಮನೆಯೋ, ಬಸ್ ಸ್ಟ್ಯಾಂಡೋ? ನಿನ್ನ ಟೈಮಿಗೆ ನಾನು ಕಾಳು ಹಿತುಕ್ಬೇಕೇನಮ್ಮ?" ಅಂದೆ. ಬಸ್ಸು ಹಾರನ್ ಹೊಡೆಯುತ್ತಿತ್ತು, ಅರ್ಧ ಜಡೆಯಲ್ಲೇ ಓಡಿದಳು.

ಹಠಕ್ಕೆ ಪಾತ್ರೆ ಮುಟ್ಟಲಿಲ್ಲ. ಟಿ.ವಿ. ನೋಡಿಕೊಂಡು ಕೂತೆ. ಸಂಜೆ ಅವಳು ಮುಚ್ಚಳ ತೆಗೆದರೆ ನೊರೆ ಬಂದಿತ್ತು. ಬೈದಿದ್ದರೆ ನಾನೂ ಎರಡು ಮಾತು ಅಂದು ಹಗುರಾಗುತ್ತಿದ್ದೆ. "ಇರ್ಲಿ ಬುಡಿ ಅತ್ತೆ" ಅಂದವಳೇ ಕಾಳನ್ನು ಎಮ್ಮೆಯ ಕಲಗಚ್ಚಿಗೆ ಸುರಿದು ಟೊಮೇಟೊ ಗೊಜ್ಜು ಕುದಿಸಿದಳು. ಬಿಸಿ ಮುದ್ದೆಯನ್ನು ಮೊದಲು ನನ್ನ ತಟ್ಟೆಗೇ ಹಾಕಿದಳು.

ಹಿತಕಬೇಳೆ ಸಾರಿಗೆ ಆಸೆಪಟ್ಟಿದ್ದ ಮೊಮ್ಮಗಳು ಲೋಹಿತಾ ಅಳಲೂ ಇಲ್ಲ. ಮಲಗುವಾಗ ನನ್ನ ಬೆರಳು ನೀವುತ್ತಾ ಕೇಳಿದಳು: "ಅಜ್ಜಿ, ಬಾಳ ನೋಯ್ತವಾ? ಅದ್ಕೇ ಹಿತುಕ್ಲಿಲ್ವಂತೆ, ಅಮ್ಮ ಹೇಳ್ತು."

ನನ್ನ ಬೆರಳಿಗೇನು ಧಾಡಿ, ಕಲ್ಲಿನಂತೆ ಇವೆ. ಊರಿಗೆಲ್ಲ ಉತ್ತರ ಕೊಡುವ ಈ ಬಾಯಿ "ಹೂಂ ಕಣವ್ವ, ನೋಯ್ತವೆ" ಅಂದುಬಿಟ್ಟಿತು.

ಪಾಪ, ಒಂದೊಂದೇ ಬೆರಳಿಗೂ ಹರಳೆಣ್ಣೆ ಹಚ್ಚಿಯೇ ಮಲಗಿತು ಮಗು. ಎಣ್ಣೆಗೆ ಪೆನ್ನು ಜಾರುತ್ತಿದೆ, ಒರೆಸಿಕೊಳ್ಳಲು ಮನಸ್ಸಾಗುತ್ತಿಲ್ಲ.