ಒಂಬತ್ತನೆಯ ಸಾಲಿನ ಗುರುತು

ಅಂಗಡಿಯ ಹಿಂದಿನ ಕೋಣೆ,
ಹದಿನೆಂಟನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಕಣ್ಣು ಹೇಗಿದೆ? ಆಪರೇಷನ್ ಆದ ಮೇಲಿನ ಉರಿ ಇಳಿಯಿತೇ? ಪಟ್ಟಿಯ ಸಂದಿಯಿಂದ ಇಣುಕುತ್ತೀರಂತೆ, ನಿಮ್ಮ ಮಗಳು ಫೋನಿನಲ್ಲಿ ದೂರು ಹೇಳಿದಳು. ಮೂರು ವಾರ ಓದಬಾರದು, ಪರದೆ ನೋಡಬಾರದು ಎಂದರೆ ನಿಮ್ಮನ್ನು ಉಪವಾಸ ಕೆಡವಿದ ಹಾಗೆ ಎಂದು ನನಗೆ ಗೊತ್ತು. ಅದಕ್ಕೇ ಕಾಗದದ ಮೇಲೆ ಬರೆಯುತ್ತಿದ್ದೇನೆ. ಅಕ್ಕ ಓದಿ ಹೇಳಲಿ, ನೀವು ಮಲಗಿ ಕೇಳಿ. ಅಕ್ಕಾ, ನಿನ್ನ ಅಭ್ಯಾಸದಂತೆ ಮೊದಲು ಕೊನೆಯ ಪುಟ ತಿರುಗಿಸಬೇಡ, ನನ್ನಾಣೆ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಆದರೆ ಒಂದು ವಿಷಯ ಫೋನಿನಲ್ಲಿ ಮುಚ್ಚಿಟ್ಟಿದ್ದೆ. ನಿಮ್ಮ ಮೇಲ್ ಸರ್ವರ್ ಕೈಕೊಟ್ಟಿತ್ತು. ಹೇಳಿದ್ದರೆ ನೀವು ಪಟ್ಟಿ ಕಿತ್ತೆಸೆದು ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದಿರಿ. ಈಗ ಸರಿಯಾಗಿದೆ, ಗಾಬರಿ ಬೇಡ, ಏಳಬೇಡಿ.

ಆದದ್ದು ಇಷ್ಟು. ನೀವು ಹೊರಟ ಎರಡನೇ ದಿನ ಎದುರು ಮನೆಯ ಸಂಗೀತದ ಮೇಷ್ಟ್ರು ಅಂಗಡಿಗೆ ಬಂದು, "ಏನಮ್ಮಾ, ನನ್ನ ಗಡಿಯಾರ ರಿಪೇರಿ ಮಾಡ್ತಿದ್ದೀರೋ, ಕಾವಿಗೆ ಇಟ್ಟಿದ್ದೀರೋ?" ಎಂದರು. ಅದು ರೆಡಿಯಾಗಿ ಆರು ವಾರ. ‘ಬಂದು ತೆಗೆದುಕೊಂಡು ಹೋಗಿ’ ಎಂದು ನಾನೇ ಮೇಲ್ ಕಳಿಸಿದ್ದೆ. ಮೇಲಿನ ಕಪಾಟು ನೋಡಿದರೆ ರಿಪೇರಿಯಾಗಿ ಕೂತ ಗಡಿಯಾರಗಳು ಇಪ್ಪತ್ತಮೂರು! ಜನಕ್ಕೆ ಟೈಮಿನ ಬೆಲೆಯೇ ಗೊತ್ತಿಲ್ಲ ಎಂದು ಇವರು ಇಷ್ಟು ದಿನ ಗೊಣಗುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಅವೆಲ್ಲ ಸೇರಿ ಹೊಡೆದುಕೊಳ್ಳಲು ಶುರು ಮಾಡಿದರೆ ಅಂಗಡಿಯಲ್ಲಿ ನಿಲ್ಲುವ ಹಾಗಿರಲಿಲ್ಲ.

ನನಗೆ ನಾನೇ ಒಂದು ಮೇಲ್ ಕಳಿಸಿಕೊಂಡೆ, ಬಂತು. ಅಕ್ಕನಿಗೆ ಕಳಿಸಿದೆ, ತಲುಪಿತು. ಮೇಷ್ಟ್ರಿಗೆ ಕಳಿಸಿ, ಅವರ ಪಕ್ಕದಲ್ಲೇ ನಿಂತು ಅವರ ಸ್ಪ್ಯಾಮ್ ಬುಟ್ಟಿಯನ್ನೂ ಕೆದಕಿಸಿದೆ. ಊಹೂಂ. ನಮ್ಮ ಕಡೆ ನೋಡಿದರೆ ‘ಕಳಿಸಲಾಗಿದೆ’ ಎಂಬ ಬೆಣ್ಣೆಯಂಥ ಮಾತು. ಮೇಜಿನ ಕೆಳಗಿನ ಆ ಕಪ್ಪು ಡಬ್ಬಿಯನ್ನು, ಅದೇ ನಿಮ್ಮ ಸರ್ವರನ್ನು, ಆರಿಸಿ ಮತ್ತೆ ಹಚ್ಚಿದೆ. ನಾಯಿ ಬಾಲ ಡೊಂಕೇ. ಕೊನೆಗೆ ಸೋತು ನಿಮ್ಮ ನೀಲಿ ರಟ್ಟಿನ ನೋಟುಬುಕ್ಕು ತೆಗೆದರೆ ಮೊದಲ ಪುಟದಲ್ಲೇ ನಿಮ್ಮ ಗುಂಡು ಅಕ್ಷರ: ‘ಮೊದಲು ಲಾಗ್ ಓದು, ಆಮೇಲೆ ಅಳು.’ ಎದುರಿಗೆ ನಿಂತು ಬೈದ ಹಾಗಾಯಿತು.

ಓದಿದೆ. ಅಕ್ಕಾ, ಲಾಗ್ ಎಂದರೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿ. ಊರಲ್ಲಿ ಬಹಳ ಜನ ಬಳಸುವ ಒಂದು ದೊಡ್ಡ ಕಂಪನಿಯ ಅಂಚೆಪೆಟ್ಟಿಗೆಗಳಿಗೆ ಹೋಗುವ ಮೇಲ್ ಮಾತ್ರ ನಿಂತಿತ್ತು. ನಮ್ಮ ಸರ್ವರ್ ಗಂಟೆಗೊಮ್ಮೆ ಅವರ ಬಾಗಿಲು ತಟ್ಟುವುದು, ಅವರು ‘ನಿನ್ನ ನಂಬರಿಗೆ ಹೆಸರಿಲ್ಲ, ಆಮೇಲೆ ಬಾ’ ಎನ್ನುವುದು. ಪಾಪ, ಒಂದು ದಿನವೂ ಬೇಸರಿಸದೆ ಹೋಗಿ ಬಂದು ಮಾಡಿದೆ. ಬೇರೆಯವರ ಸರ್ವರ್ ಐದು ದಿನಕ್ಕೆ ಕೈಚೆಲ್ಲುತ್ತದಂತೆ. ನೀವು ‘ಪತ್ರ ಅಂದ್ಮೇಲೆ ನೂರು ದಿನವಾದ್ರೂ ಪ್ರಯತ್ನ ಮಾಡ್ಬೇಕು’ ಎಂದು ನೂರಕ್ಕೆ ಇಟ್ಟಿದ್ದೀರಿ. ತಡವಾದರೆ ತಿಳಿಸುವ ಎಚ್ಚರಿಕೆಯನ್ನು, ಗೊಣಗುವ ಯಂತ್ರ ನನಗೆ ಬೇಡ ಎಂದು ನೀವೇ ನಿಲ್ಲಿಸಿದ್ದೀರಿ. ಗೊಣಗುವುದಕ್ಕೆ ಮನೆಯಲ್ಲಿ ಇವರೊಬ್ಬರು ಸಾಕು ಎಂದು ನಾನೂ ಒಪ್ಪಿದ್ದೆ.

ನಂಬರೆಂದರೆ ಇಂಟರ್‌ನೆಟ್ಟಿನಲ್ಲಿ ನಮ್ಮ ಸರ್ವರಿನ ಮನೆ ನಂಬರು ಇದ್ದ ಹಾಗೆ, ಅಕ್ಕಾ. ಅದಕ್ಕೆ ಹೆಸರು ಯಾಕಿಲ್ಲ ಎಂದು ನೋಟುಬುಕ್ಕು ತಿರುವಿದೆ. ಹೊಸ ಇಂಟರ್‌ನೆಟ್ ಲೈನ್ ಹಾಕಿಸಿದ ದಿನ ನೀವು ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟಿದ್ದೀರಿ. ಎಂಟರ ತನಕ ಪ್ರತಿ ಸಾಲಿನ ಮುಂದೆ ಕೆಂಪು ಗುರುತು. ಒಂಬತ್ತನೆಯದು, ‘ಲೈನ್ ಕಂಪನಿಗೆ ಫೋನ್ ಮಾಡಿ ಹೊಸ ನಂಬರಿಗೆ ನಮ್ಮ ಹೆಸರು ಬರೆಸು.’ ಅದರ ಮುಂದೆ ಏನೂ ಇಲ್ಲ. ಗುರುತು ಹಾಕದೆ ಉಪ್ಪಿನ ಡಬ್ಬಿಯನ್ನೂ ಮುಚ್ಚದ ನೀವು! ಆಮೇಲೆ ತಾರೀಖು ನೋಡಿದೆ, ಅತ್ತೆ. ನಿಮ್ಮ ಚಿಕ್ಕ ಮಗ ಮಾವನವರ ಗೋಡೆ ಗಡಿಯಾರದ ಕೀಲಿ ಯಂತ್ರ ತೆಗೆದು ಬ್ಯಾಟರಿಯದನ್ನು ಹಾಕಿದ ಶನಿವಾರ ಅದು. ದಿನಾ ಸ್ಟೂಲು ಹತ್ತಿ ಕೀ ಕೊಟ್ಟು ನಿಮ್ಮ ಭುಜ ನೋಯುತ್ತದೆ ಎಂದು ಅವನು ಹಾಗೆ ಮಾಡಿದ್ದು. "ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು, ನಡಿ ಆಚೆ" ಎಂದು ನೀವು ಅಂದಿರಿ. ಅವನು ನಿಜವಾಗಿಯೂ ನಡೆದ. ಒಂಬತ್ತನೆಯ ಸಾಲು ಹಾಗೇ ಉಳಿಯಿತು.

ಲೈನ್ ಕಂಪನಿಯಲ್ಲಿ ಇಬ್ಬರು ನನ್ನನ್ನು ಅತ್ತಿಂದಿತ್ತ ಓಡಿಸಿದರು. ಮೂರನೆಯವಳು ಪುಣ್ಯಾತ್ಗಿತ್ತಿ, ಹತ್ತೇ ನಿಮಿಷದಲ್ಲಿ ಹೆಸರು ಬರೆದುಕೊಟ್ಟಳು. ತಡೆದಿಟ್ಟ ಮೇಲ್‌ಗಳನ್ನು ಬಿಡುವ ಮೊದಲು ಒಮ್ಮೆ ಪಟ್ಟಿ ನೋಡಿದೆ. ಮೇಷ್ಟ್ರಿಗೆ ಪರೀಕ್ಷೆಗೆಂದು ಕಳಿಸಿದ್ದನ್ನು ಬಿಟ್ಟು ಒಟ್ಟು ಮೂವತ್ತೇಳು. ಇಪ್ಪತ್ತಮೂರು ಗಿರಾಕಿಗಳಿಗೆ ಹೋಗಬೇಕಾದವು. ಉಳಿದ ಹದಿನಾಲ್ಕು, ಭಾನುವಾರಕ್ಕೊಂದರಂತೆ, ನಿಮ್ಮಿಂದ ಅವನಿಗೆ.

ಒಂದನ್ನೂ ತೆರೆದಿಲ್ಲ, ನಂಬಿ. ಯಾರಿಂದ, ಯಾರಿಗೆ, ಯಾವತ್ತು, ಅಷ್ಟೇ ಕಂಡದ್ದು. ಊಟಕ್ಕೆ ಕೂತಾಗಲೆಲ್ಲ "ಅವನಾಗಿ ಬರೆದ್ರೆ ನೋಡೋಣ, ನನಗೇನು" ಎನ್ನುತ್ತಿದ್ದವರು ನೀವು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನವೂ ಬರೆದಿದ್ದೀರಿ. ಅವನು ಉತ್ತರ ಕೊಡಲಿಲ್ಲವೆಂದು ನೀವು ಕೊರಗಿದಿರಿ, ಅಮ್ಮ ಒಂದು ಸಾಲೂ ಬರೆಯಲಿಲ್ಲವೆಂದು ಅವನು ಕೊರಗಿದ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಲಾಗ್ ಓದಿದ ಮೇಲೆಯೇ ಅತ್ತದ್ದು, ನಿಮ್ಮ ನಿಯಮ ಮುರಿದಿಲ್ಲ.

ನಿಮ್ಮನ್ನು ಕೇಳದೆ ಬಿಡಲೋ ಬೇಡವೋ ಎಂದು ಅಳೆದೂ ಸುರಿದೂ ನೋಡಿದೆ. ಎಷ್ಟಾದರೂ ನಿಮ್ಮ ಗುಟ್ಟು. ಆದರೆ ಮೊದಲ ಪತ್ರಕ್ಕೆ ನೂರರಲ್ಲಿ ತೊಂಬತ್ತಾರು ದಿನ ಮುಗಿದಿತ್ತು. ಇನ್ನು ನಾಲ್ಕು ದಿನ ಕಳೆದಿದ್ದರೆ ಅದು ವಾಪಸ್ಸಾಗುತ್ತಿತ್ತು. ಕಳಿಸು ಎಂದು ಒತ್ತಿದವರು ನೀವು, ನಾನು ಬರೀ ಅಂಚೆಯವಳು ಎಂದುಕೊಂಡು ಬಿಟ್ಟೆ. ಶುಕ್ರವಾರ ಸಂಜೆ ನಾಲ್ಕಕ್ಕೆ ಮೂವತ್ತೇಳೂ ಹೋದವು. ‘ತಲುಪಿತು, ತಲುಪಿತು’ ಎಂದು ಲಾಗ್ ತುಂಬಿದಾಗ ಎದೆಯ ಮೇಲಿನ ಕಲ್ಲು ಇಳಿಯಿತು. ಶನಿವಾರ ಬಾಗಿಲು ತೆಗೆಯುವ ಮೊದಲೇ ಗಿರಾಕಿಗಳು ನಿಂತಿದ್ದರು. ಈಗ ಕಪಾಟಿನಲ್ಲಿ ಉಳಿದಿರುವುದು ಎರಡೇ.

ಚೆನ್ನಾಗಿ ಊಟ ಮಾಡಿ, ಡ್ರಾಪ್ಸ್ ಹಾಕುವಾಗ ಅಕ್ಕನ ಮೇಲೆ ರೇಗಬೇಡಿ. ಇವರು ನಿಮ್ಮನ್ನು ಬಹಳ ಕೇಳಿದರು ಎಂದು ತಿಳಿಸಲು ಹೇಳಿದ್ದಾರೆ. ಒಂಬತ್ತನೆಯ ಸಾಲಿಗೆ ನಾನು ಗುರುತು ಹಾಕಿಲ್ಲ. ಬಂದು ನೀವೇ ಹಾಕಿ.

ನಿಮ್ಮ ಪ್ರೀತಿಯ ಸೊಸೆ

ವಿ.ಸೂ.: ಅಕ್ಕಾ, ಇದನ್ನು ನಿಧಾನವಾಗಿ ಓದು. ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ಗಮನಿಸಲಿಲ್ಲವೇ? ಅದನ್ನು ಬಾಗಿಲ ಸಂದಿಯಿಂದ ಒಳಗೆ ಹಾಕಿದವನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಶುಕ್ರವಾರ ನಾಲ್ಕೂಕಾಲಿಗೆ ಫೋನ್ ಮಾಡಿ, "ಅತ್ತಿಗೆ, ಅಮ್ಮ ಪ್ರತಿ ವಾರ ಬರೀತಿದ್ರಾ?" ಎಂದವನೇ ಫೋನ್ ಇಟ್ಟ. ಭಾನುವಾರ ಮನೆಗೆ ಬಂದು, ಮಾವನವರ ಗಡಿಯಾರಕ್ಕೆ ಹಳೆಯ ಯಂತ್ರವನ್ನೇ ಮತ್ತೆ ಕೂರಿಸಿದ. ಅತ್ತೆ, ಪೂರ್ತಿ ಓದಿಸಿಕೊಳ್ಳುವ ತನಕ ಒಳಗೆ ಹೋಗಬೇಡ ಎಂದು ಅವನಿಗೆ ಹೇಳಿದವಳು ನಾನು, ಬೈಯುವುದಿದ್ದರೆ ನನಗೆ ಬೈಯಿರಿ. ನಿಮ್ಮ ಮೊದಲ ಪತ್ರಕ್ಕೆ ಇವತ್ತಿಗೆ ನೂರನೇ ದಿನ. ‘ಆಮೇಲೆ ಬಾ’ ಅನ್ನಿಸಿಕೊಂಡದ್ದು ಸಾಕು, ಅವನನ್ನು ಒಳಗೆ ಕರೆಯಿರಿ.