ಅವ್ವನನ್ನೇ ಕೇಳಿದೆ

ಜನವರಿ ೧೮, ಭಾನುವಾರ

ಗೆದ್ದೆ! ಅವ್ವ ಈಗ ನಮ್ಮೂರು ಕಟ್ಟಾಯದಲ್ಲಿ, ತನ್ನ ಮಂಚದ ಮೇಲಿದ್ದಾಳೆ.

ನಿನ್ನೆ ಹಾಸನದ ಆಸ್ಪತ್ರೆ ವರಾಂಡದಲ್ಲಿ ನಮ್ಮಣ್ಣ ಕಾಂತರಾಜ, ಚಿಕ್ಕಪ್ಪ ಎಲ್ಲರೂ ವೆಂಟಿಲೇಟರ್ ಹಾಕಿಸೋಣ ಎಂದು ಪಿಸುಗುಟ್ಟುತ್ತಿದ್ದರು. ಕ್ಯಾನ್ಸರ್ ವಿಷಯ ಅವ್ವನಿಗೆ ಹೇಳಲೇಬಾರದಂತೆ. ನನಗೆ ರೇಗಿಹೋಯಿತು. ಒಳಗೆ ಹೋಗಿ ಅವ್ವನಿಗೆ ಎಲ್ಲ ಹೇಳಿ, ಏನು ಮಾಡಲಿ ಎಂದು ಅವಳನ್ನೇ ಕೇಳಿದೆ.

ಅವ್ವ ನಕ್ಕಳು. "ಮಾತು ಬಿಟ್ಟಿದ್ದ ನಿಮ್ಮತ್ತೆ ಬ್ರೆಡ್ಡು ಇಡ್ಕಂಡು ಬಂದಾಗ್ಲೇ ನಂಗೊತ್ತಾಯ್ತು ಕಣವ್ವ. ಮಿಷನ್ನು ಬ್ಯಾಡ. ಮನೆಗೋಗಾನ."

ಅಣ್ಣನನ್ನು ಕರೆದು ಅದನ್ನೇ ಅವಳ ಬಾಯಿಂದ ಹೇಳಿಸಿದೆ. ಅವನೇ ಹೋಗಿ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕಿದ.

ಇವತ್ತು ಅದೇ ಅಣ್ಣ ಅವರೇಕಾಳು ಸಾರಿನಲ್ಲಿ ಮುದ್ದೆ ಅದ್ದಿ ತಿನ್ನಿಸಿದ. ನಾಲ್ಕು ತುತ್ತು ನುಂಗಿ ಅವ್ವ ಅಂದಳು: "ನಿಮ್ಮತ್ತೆಗೂ ಒಂದ್ ಬಟ್ಲು ಕಳ್ಸು. ಬರ್ಲಿ, ಆ ಜಗಳ ಮುಗ್ಸಾನ. ಬಾಯಿಗೆ ಪೈಪ್ ಆಕ್ಬುಟ್ಟಿದ್ರೆ ಎಂಗ್ ಮಾತಾಡ್ತಿದ್ದೆ?"